ಮೇಣದ ದವಡೆ ಹಲ್ಲು ಮತ್ತು ನಾಲ್ಕು ವರ್ಷದ ಫೀಸು

ನಮ್ಮ ಅತ್ತೆಯವರ ಹಲ್ಲಿನ ಸೆಟ್ಟು ಬಾಯಲ್ಲಿ ಇದ್ದದ್ದಕ್ಕಿಂತ ಸ್ಟೀಲ್ ಲೋಟದಲ್ಲಿ ಇದ್ದದ್ದೇ ಹೆಚ್ಚು. ಮದುವೆಗೆ, ಮುಂಜಿಗೆ, ಫೋಟೋಗೆ ಮಾತ್ರ ಅದು ಬಾಯಿಗೇರುತ್ತಿತ್ತು. ಫೋಟೋದವನು ಆಯ್ತು ಅನ್ನುವುದೇ ತಡ, ಅತ್ತೆ ಸೆರಗು ಅಡ್ಡ ಹಿಡಿದು ಸೆಟ್ಟು ಕಳಚಿ ನನ್ನ ಕಡೆ ಕೈ ಚಾಚುತ್ತಿದ್ದರು. ನಾನು ನೀರು ತುಂಬಿದ ಲೋಟ ಹಿಡಿದು ತಯಾರಾಗಿ ನಿಂತಿರಬೇಕು. ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ನಾನು ಯಾವುದೋ ಮೂಲೆಯಲ್ಲಿ ರೇಷ್ಮೆ ಸೀರೆ ಉಟ್ಟು, ಕೈಯಲ್ಲೊಂದು ಲೋಟ ಹಿಡಿದು ನಿಂತಿರುತ್ತೇನೆ. ಸೊಸೆ ಏನೋ ವ್ರತ ಹಿಡಿದಿದ್ದಾಳೆ ಎಂದುಕೊಂಡವರೂ ಇದ್ದಾರೆ.

ಅದು ಮೈಸೂರಿನಲ್ಲಿ ಮಾಡಿಸಿದ ಸೆಟ್ಟು. ನೋಡಲು ಲಕ್ಷಣವಾಗಿತ್ತು, ಹಾಕಿಕೊಂಡರೆ ಮಾತ್ರ ಕಿವಿಯ ಬುಡದಲ್ಲಿ ನೋವು. ಒಂದೆರಡು ಸಲ ಹೋಗಿ ಉಜ್ಜಿಸಿಕೊಂಡು ಬಂದು, ಆಮೇಲೆ ನನ್ನ ಹಣೆಬರಹ ಎಂದು ಕೈಬಿಟ್ಟರು. ಅವರಿಗೆ ಕೋಡುಬಳೆ ಎಂದರೆ ಪ್ರಾಣ. ಅದನ್ನು ನಾನು ಮಿಕ್ಸಿಗೆ ಹಾಕಿ ಪುಡಿ ಮಾಡಿ, ಮೊಸರಲ್ಲಿ ಕಲಸಿ ಕೊಡುತ್ತಿದ್ದೆ. ತಿಂದು, ‘ರುಚಿ ಅದೇ ಕಣೇ, ಸದ್ದಿಲ್ಲ ಅಷ್ಟೆ’ ಅನ್ನುತ್ತಿದ್ದರು.

ಮಾವ ಹೋದ ಮೇಲೆ ಅತ್ತೆ ನಮ್ಮ ಜೊತೆ ಪರ್ತ್‌ಗೆ ಬಂದರು, ಲೋಟವೂ ಬಂತು. ನಮ್ಮವರು ಭೂವಿಜ್ಞಾನಿ. ಉತ್ತರದ ಗಣಿಯಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ. ಕಲ್ಲು ನೋಡುವ ಪುಟ್ಟ ಭೂತಗನ್ನಡಿಯೊಂದು ದಾರಕ್ಕೆ ಕಟ್ಟಿಕೊಂಡು ಸದಾ ಅವರ ಕತ್ತಿನಲ್ಲಿ ತೂಗುತ್ತಿತ್ತು. ಮನೆಯಲ್ಲಿದ್ದ ವಾರವೂ ಅದನ್ನು ತೆಗೆಯುತ್ತಿರಲಿಲ್ಲ, ಕಲ್ಲುಪ್ಪನ್ನೂ ಅದರಲ್ಲಿ ನೋಡಿಯೇ ಸಾರಿಗೆ ಹಾಕುವ ಮನುಷ್ಯ. ನಾನು ಬೆಂಟ್ಲಿ ಬಡಾವಣೆಯ ಹತ್ತಿರ ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಮಧ್ಯಾಹ್ನದ ಪಾಳಿಯಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿದ್ದೆ. ನಮಗೆ ಒಬ್ಬಳೇ ಮಗಳು. ಬೇರೆ ಮನೆಯ ಮಕ್ಕಳು ಮೀನಿನ ತೊಟ್ಟಿಯ ಮುಂದೆ ಕೂರುವ ಹಾಗೆ ಅವಳು ಅಜ್ಜಿಯ ಲೋಟದ ಮುಂದೆ ಕೂರುತ್ತಿದ್ದಳು. ಸೆಟ್ಟನ್ನು ಹೊರಗೆ ತೆಗೆದು, ಮೇಲಿನದನ್ನು ಕೆಳಗಿನದರ ಮೇಲೆ ಕೂರಿಸಿ, ಕಟಕಟ ಅನ್ನಿಸಿ, ಮತ್ತೆ ನೀರಿಗೆ ಬಿಡುತ್ತಿದ್ದಳು. ಹೇಸಿಗೆ ಎನ್ನುವುದೇ ಇರಲಿಲ್ಲ ಆ ಹುಡುಗಿಗೆ.

ಅವಳು ಹೈಸ್ಕೂಲಿಗೆ ಬಂದ ಮೇಲೆ ಮನೆಯಲ್ಲಿ ಸೋಪು ಮಾಯವಾಗತೊಡಗಿತು. ಊರಿಂದ ಬರುವವರಿಗೆ ಹೇಳಿ, ಸೂಟ್‌ಕೇಸಿನಲ್ಲಿ ಜಾಗ ಬೇಡಿ ತರಿಸಿದ ಗಂಧದ ಸೋಪು. ನನಗೆ ರೇಗಿಹೋಯಿತು. ಒಂದು ದಿನ ಅವಳ ಮೇಜಿನ ಡ್ರಾಯರ್ ಎಳೆದರೆ ಘಮ್ಮೆಂದಿತು. ಒಳಗೆ ಸಾಲಾಗಿ ಹಲ್ಲುಗಳು. ಕೋರೆಹಲ್ಲು, ದವಡೆ ಹಲ್ಲು, ಬೇರು ಸಮೇತ, ಎಲ್ಲ ಗಂಧದ ಸೋಪಿನಲ್ಲಿ ಕೆತ್ತಿದ್ದು. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಆಮೇಲೆ ಬೈದೆ ಅನ್ನಿ, ಸೋಪು ದುಬಾರಿ.

ಹನ್ನೆರಡನೇ ತರಗತಿಯಲ್ಲಿ ಅವಳು ತನಗೆ ಏನು ಬೇಕು ಎಂದು ಹೇಳಿದಳು. ಹಲ್ಲು ತಯಾರಿಸುವ ವಿದ್ಯೆ. ಡಾಕ್ಟರಿಕೆ ಅಲ್ಲ, ಡಾಕ್ಟರು ಹೇಳಿದ ಅಳತೆಗೆ ಹಲ್ಲು ಮಾಡಿಕೊಡುವುದು. ಅಡಿಲೇಡ್‌ನ ಒಂದು ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಡಿಪ್ಲೊಮಾ. ನಮ್ಮವರು ತಟ್ಟೆಯಿಂದ ತಲೆ ಎತ್ತಲಿಲ್ಲ. ‘ಡಿಪ್ಲೊಮಾನಾ?’ ಎಂದರು, ಅಷ್ಟೆ. ಆ ಒಂದು ಪದದಲ್ಲಿ ನಮ್ಮೂರಿನ ಇಡೀ ಇತಿಹಾಸ ಇತ್ತು. ಡಿಪ್ಲೊಮಾ ಎಂದರೆ ನಮ್ಮಲ್ಲಿ ಪಿಯುಸಿ ಸೈನ್ಸು ಕೈಕೊಟ್ಟವರು ಹೋಗುವ ಜಾಗ, ನೆಂಟರು ದನಿ ತಗ್ಗಿಸಿ ಹೇಳುವ ವಿಷಯ. ಇವಳಿಗೋ ಮಾರ್ಕ್ಸು ಚೆನ್ನಾಗಿ ಬರುತ್ತಿತ್ತು. ಬರದೇ ಇದ್ದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

ನಮ್ಮವರ ಲೆಕ್ಕದಲ್ಲಿ ಅವಳು ಬ್ರಿಸ್ಬೇನ್‌ನ ದೊಡ್ಡ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಎಂಜಿನಿಯರಿಂಗ್ ಓದಬೇಕಿತ್ತು. ಅಲ್ಲಿ ಅವರ ಬಾಲ್ಯದ ಸ್ನೇಹಿತ ಡಾಕ್ಟರಾಗಿದ್ದರು, ಅವರ ಮಗ ಅದನ್ನೇ ಓದುತ್ತಿದ್ದ. ನಮ್ಮ ವೀಸಾ ಆಗ ಇನ್ನೂ ತಾತ್ಕಾಲಿಕ. ಹಾಗಾಗಿ ಮಗಳು ಎಲ್ಲಿ ಓದಿದರೂ ಹೊರದೇಶದವರ ಫೀಸು ಕಟ್ಟಬೇಕು, ಸರ್ಕಾರದ ಸಾಲವೂ ಇಲ್ಲ. ನಮ್ಮವರು ಲ್ಯಾಪ್‌ಟಾಪಿನಲ್ಲಿ ಎರಡು ಕಾಲಮ್ ಮಾಡಿದರು. ಒಂದು ಕಡೆ ಬ್ರಿಸ್ಬೇನ್: ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು, ಊಟ, ಪುಸ್ತಕ. ಇನ್ನೊಂದು ಕಡೆ ಅಡಿಲೇಡ್: ಎರಡು ವರ್ಷದ ಫೀಸು, ಇರುವುದು ಬ್ಲೇರ್ ಅಥಾಲ್‌ನಲ್ಲಿ ನನ್ನ ತಂಗಿಯ ಮನೆಯಲ್ಲಿ, ಬಾಡಿಗೆ ಇಲ್ಲ. ಕೂಡಿಸಿದಾಗ ಮೊದಲಿನದರ ಮುಂದೆ ಎರಡನೆಯದು ಮಗುವಿನ ಹಾಗೆ ಕಂಡಿತು. ಅದನ್ನು ನೋಡಿ ಅವರಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅಷ್ಟು ಅಗ್ಗ ಎಂದ ಮೇಲೆ ಏನೋ ಐಬು ಇರಬೇಕು ಎಂದರು.

ನನಗೆ ತಡೆಯಲಾಗಲಿಲ್ಲ. ಊರಲ್ಲಿ ಗವರ್ನಮೆಂಟ್ ಸೀಟು ಅಗ್ಗ, ಅದಕ್ಕೇ ಮರ್ಯಾದೆ. ದುಡ್ಡು ಕೊಟ್ಟು ತಗೊಂಡ ಸೀಟನ್ನು ಯಾರಿಗೂ ಹೇಳುತ್ತಿರಲಿಲ್ಲ. ಇಲ್ಲಿಗೆ ಬಂದು ತಲೆ ಉಲ್ಟಾ ಆಯ್ತಾ ಎಂದು ಕೇಳಿದೆ. ಸರ್ವೋದಲ್ಲಿ ನನ್ನ ಪಕ್ಕದ ಗಲ್ಲಾದಲ್ಲಿ ನಿಲ್ಲುತ್ತಿದ್ದವನು ನಾಲ್ಕು ವರ್ಷ ಎಂಜಿನಿಯರಿಂಗ್ ಮುಗಿಸಿದವನೇ, ಅದನ್ನೂ ಹೇಳಿದೆ. ಅವರು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅಂಥವನು ಒಬ್ಬ ಇದ್ದರೆ ಕೆಲಸ ಸಿಕ್ಕಿದವರು ಹತ್ತು ಜನ ಇರುತ್ತಾರೆ ಎಂದರು. ಅದೂ ಸುಳ್ಳಲ್ಲ.

ಸ್ಕೂಲಿನ ರಜೆಯಲ್ಲಿ ಮೂವರೂ ಬ್ರಿಸ್ಬೇನ್‌ಗೆ ಹೋದೆವು. ನಿಜ ಹೇಳಬೇಕು, ಆ ಕ್ಯಾಂಪಸ್ಸು ನೋಡಿ ನಾನು ಕಣ್ಣು ಬಾಯಿ ಬಿಟ್ಟೆ. ಸುತ್ತ ನದಿ, ನಡುವೆ ಹುಲ್ಲು, ಮರಳುಗಲ್ಲಿನ ಉದ್ದನೆಯ ಕಂಬಸಾಲು. ಲೈಬ್ರರಿಯಲ್ಲಿ ಉಸಿರಾಡಲೂ ಭಯವಾಗುವಂಥ ಮೌನ. ನಮ್ಮವರು ಕಂಬದ ಮುಂದೆ ನಿಂತು, ಭೂತಗನ್ನಡಿ ಕಣ್ಣಿಗಿಟ್ಟು, ಆ ಕಲ್ಲು ಯಾವ ಕಾಲದ್ದು, ಯಾವ ನೀರಿನಡಿ ಕೂತು ಗಟ್ಟಿಯಾದದ್ದು ಎಂದು ಹೇಳತೊಡಗಿದರು. ಹಾದುಹೋಗುವವರೆಲ್ಲ ನೋಡುತ್ತಿದ್ದರು. ಇಂಥ ಕಡೆ ನಮ್ಮ ಮಗು ಓದಿದರೆ ಜನ್ಮ ಸಾರ್ಥಕ ಎಂದು ನನಗೂ ಅನ್ನಿಸಿತು. ಸುತ್ತಿ ತೋರಿಸಿದ ವಿದ್ಯಾರ್ಥಿ ಬಹಳ ಚೆನ್ನಾಗಿ ವಿವರಿಸಿದ. ಹಿಂತಿರುಗುವಾಗ ದೋಣಿಯಲ್ಲಿ ಮಗಳನ್ನು ಹೇಗಿತ್ತು ಎಂದು ಕೇಳಿದೆ. ಆ ಹುಡುಗನ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಕಟ್ಟಿಸಿದ್ದು, ಬಣ್ಣ ಒಂದು ಚೂರು ಹೊಂದಿಲ್ಲ ಎಂದಳು. ಇಡೀ ದಿನ ಅವಳು ನೋಡಿದ್ದು ಅದನ್ನೇ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು, ಬ್ರಿಸ್ಬೇನ್‌ಗೆ ಧಾರಾಳವಾಗಿ ಸಾಕಾಗುವಷ್ಟು. ನಮ್ಮವರು ಫೀಸು ಕಟ್ಟಲು ಕೂತರು. ಮಗಳು ಜಗಳ ಆಡಲಿಲ್ಲ. ಅವಳು ಅಪ್ಪನ ಥರ, ಬೇಜಾರಾದರೆ ಸುಮ್ಮನಾಗುವವಳು. ಊಟಕ್ಕೆ ಬರುತ್ತಿದ್ದಳು, ಹೋಗುತ್ತಿದ್ದಳು. ಡ್ರಾಯರಿನಲ್ಲಿದ್ದ ಸೋಪಿನ ಹಲ್ಲುಗಳನ್ನೆಲ್ಲ ತಂದು ಬಚ್ಚಲಿನ ಸೋಪಿನ ಡಬ್ಬಿಗೆ ಹಾಕಿದಳು. ಬೆಳಿಗ್ಗೆ ಸ್ನಾನಕ್ಕೆ ಹೋದರೆ ಕೈಗೊಂದು ದವಡೆ ಹಲ್ಲು ಬಂತು. ಅದನ್ನು ಮೈಗೆ ಉಜ್ಜಿಕೊಳ್ಳಲು ನನ್ನಿಂದ ಆಗಲಿಲ್ಲ. ಒದ್ದೆ ತಲೆಯಲ್ಲೇ ಹೊರಗೆ ಬಂದು ನಮ್ಮವರ ಲ್ಯಾಪ್‌ಟಾಪ್ ಮುಚ್ಚಿದೆ. ‘ಒಂದು ಸೀರೆ ತಗೊಳ್ಳೋಕೆ ನಾಲ್ಕಂಗಡಿ ತಿರುಗ್ತೀವಿ. ಬ್ರಿಸ್ಬೇನ್ ನೋಡಿದ್ದಾಯ್ತು, ಅಡಿಲೇಡನ್ನೂ ನೋಡ್ಬಿಟ್ಟು ಆಮೇಲೆ ಕಟ್ಟಿ’ ಎಂದೆ. ನನ್ನ ಮುಖ ನೋಡಿ ಅವರು ಎದುರಾಡಲಿಲ್ಲ.

ಜನವರಿಯ ಅಡಿಲೇಡ್ ಎಂದರೆ ಕಾದ ಹೆಂಚು. ತಂಗಿಯ ಗಂಡ ಸ್ಯಾಲಿಸ್‌ಬರಿಯ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ನಮ್ಮನ್ನು ಕಾಲೇಜಿನ ಬಾಗಿಲಿಗೆ ಬಿಟ್ಟರು. ನದಿ ಇಲ್ಲ, ಕಂಬ ಇಲ್ಲ. ತಗಡಿನ ಚಾವಣಿಯ ತಗ್ಗು ಕಟ್ಟಡಗಳು, ಮುಂದೆ ಕಾರು ನಿಲ್ಲಿಸುವ ಜಾಗ. ನಮ್ಮವರ ಮುಖ ಅಲ್ಲೇ ಸಣ್ಣದಾಯಿತು. ಬಂದು ನೋಡುವವರಿಗೆಂದು ಇಟ್ಟ ದಿನ ಅದು. ಒಳಗೆ ನರೆಗೂದಲಿನ ಒಬ್ಬ ಮೇಡಂ ಸಿಕ್ಕಿದರು, ಅಲ್ಲಿ ಕಲಿಸುವವರು. ನಮ್ಮವರು ಒಂದನೇ ತರಗತಿಯಿಂದ ಇಟ್ಟಿದ್ದ ಮಾರ್ಕ್ಸ್ ಕಾರ್ಡುಗಳ ಫೈಲನ್ನು ಅವರ ಮುಂದೆ ತೆರೆದರು. ಆಕೆ ನಯವಾಗಿ ಮುಚ್ಚಿ ವಾಪಸ್ ಕೊಟ್ಟರು. ಕಟ್ ಆಫ್ ಎಷ್ಟು ಎಂದು ಇವರು ಕೇಳಿದರು. ಹಾಗೇನಿಲ್ಲ ಎಂದರು ಆಕೆ. ರ್‍ಯಾಂಕು? ಇಲ್ಲ. ಹಾಗಾದರೆ ಎಷ್ಟು ಜನರನ್ನು ವಾಪಸ್ ಕಳಿಸುತ್ತೀರಿ ಎಂದು ಕೇಳಿದರು ನೋಡಿ, ಪಾಪ ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಸಿಇಟಿ ಬರೆದು ಬಂದ ತಲೆಗಳು ನಮ್ಮವು. ಬೇರೆಯವರಿಗೆ ಸಿಗದಿದ್ದರೆ ಮಾತ್ರ ಅದು ನಮಗೆ ಸೀಟು.

ಆಕೆ ನಮ್ಮನ್ನು ಲ್ಯಾಬಿಗೆ ಕರೆದೊಯ್ದರು. ಆ ಕೋಣೆಯನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಉದ್ದನೆಯ ಮೇಜುಗಳು, ಸಣ್ಣ ಸಣ್ಣ ದೀಪದ ಉರಿ, ಬಿಸಿ ಮೇಣದ ವಾಸನೆ. ಗೋಡೆಯುದ್ದಕ್ಕೂ ದವಡೆಗಳ ಅಚ್ಚು, ಊರಿನ ಜನರೆಲ್ಲ ಬಾಯಿ ಬಿಟ್ಟುಕೊಂಡು ಕೂತಂತೆ. ನನ್ನ ವಯಸ್ಸಿನ ಹೆಂಗಸೊಬ್ಬಳು ಕನ್ನಡಕ ಹಣೆಗೇರಿಸಿ ಒಂದೇ ಒಂದು ಹಲ್ಲಿಗೆ ಕೂದಲೆಳೆಯಂಥ ಕುಂಚದಿಂದ ಬಣ್ಣ ಕೊಡುತ್ತಿದ್ದಳು. ಹಲ್ಲಿಗೆ ಒಂದೇ ಬಿಳಿ ಎಂದು ತಿಳಿದಿದ್ದೆ ನಾನು. ತುದಿಯಲ್ಲಿ ನೀಲಿ, ಬುಡದಲ್ಲಿ ಹಳದಿ, ನಡುವೆ ಹಾಲಿನ ಕೆನೆ, ಅಷ್ಟೂ ಒಂದರಲ್ಲೇ ಇತ್ತು. ಇಷ್ಟು ವರ್ಷ ಬಾಯಿ ತುಂಬ ಇಟ್ಟುಕೊಂಡು ತಿರುಗಿದ್ದೇನೆ, ಒಂದು ದಿನ ನೋಡಿರಲಿಲ್ಲ.

ಮೇಡಂ ಮಗಳ ಕೈಗೆ ಒಂದು ಮೇಣದ ತುಂಡು, ಒಂದು ಕೆತ್ತುವ ಸಲಕರಣೆ ಕೊಟ್ಟು, ನಿನಗೆ ಬೇಕಾದ್ದು ಕೆತ್ತು ಎಂದರು. ನಮ್ಮ ಕಡೆ ನೋಡಲೇ ಇಲ್ಲ ಹುಡುಗಿ. ಕೂತಳು, ಉರಿಯಲ್ಲಿ ಉಳಿಯ ತುದಿ ಒಂದಿಷ್ಟು ಕಾಯಿಸಿಕೊಂಡಳು, ಶುರು ಮಾಡಿದಳು. ಮನೆಯಲ್ಲಿ ಹಾಲು ಉಕ್ಕಿದರೂ ಏಳದ ಮಗಳು ಅದು. ಅಲ್ಲಿ ಅವಳ ಬೆರಳು ಒಂದೊಂದೂ ಎಚ್ಚರವಾಗಿತ್ತು. ಮೇಣ ಸುರುಳಿಸುರುಳಿಯಾಗಿ ಬೀಳುತ್ತಿತ್ತು. ಸುತ್ತ ಬೇರೆಯವರು ಬಂದು ನಿಂತರು. ಬೆಟ್ಟ ಎದ್ದಿತು, ಕಣಿವೆ ಇಳಿಯಿತು, ಚೌಕದ ತುಂಡು ನೋಡನೋಡುತ್ತ ದವಡೆ ಹಲ್ಲಾಯಿತು. ಎದುರಿಗೆ ಮಾದರಿಯೂ ಇರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೈಗೆ ಇದು ಎಲ್ಲಿಂದ ಬಂತು ಎಂದು ನನಗೆ ಕಣ್ಣು ತುಂಬಿಬಂತು. ದೇವರ ಕೋಣೆಯಲ್ಲಿ ನಿಂತ ಹಾಗೆ ನಿಂತಿದ್ದೆ.

ನಮ್ಮವರು ಕೈ ಚಾಚಿದರು. ಅವಳು ಹಲ್ಲನ್ನು ಅಂಗೈಯಲ್ಲಿಟ್ಟಳು. ಅವರು ಕತ್ತಿನ ಭೂತಗನ್ನಡಿ ಎತ್ತಿ ಕಣ್ಣಿಗಿಟ್ಟುಕೊಂಡು, ಕಲ್ಲು ನೋಡುವ ಹಾಗೆಯೇ, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ಈ ಕಾಲುವೆ ಯಾಕೆ ಎಂದು ಕೇಳಿದರು. ಮಗಳು ಇಂಗ್ಲಿಷಿನಲ್ಲೇ ವಿವರಿಸಿದಳು. ಅರೆದ ಆಹಾರ ಹೊರಗೆ ಹೋಗಲು ದಾರಿ ಬೇಕು. ಮೇಲಿನ ಹಲ್ಲಿನ ಬೆಟ್ಟ ಕೆಳಗಿನದರ ಕಣಿವೆಯಲ್ಲಿ ಕೂರಬೇಕು. ಒಂದು ಎಳೆ ಎತ್ತರವಾದರೂ ಆ ಭಾರ ದಿನವಿಡೀ ದವಡೆಯ ಕೀಲಿಗೆ ಹೋಗುತ್ತದೆ, ಕಿವಿಯ ಬುಡ ನೋಯುತ್ತದೆ. ಕೊನೆಗೆ ಅವಳಿಗೆ ಗೊತ್ತಿದ್ದ ಕನ್ನಡವನ್ನೂ ಸೇರಿಸಿಕೊಂಡಳು.

‘ಅಜ್ಜಿ ಸೆಟ್ ಟೂ ಹೈ, ಅಪ್ಪ. ಅದಕ್ಕೇ ಪೇನ್.’

‘ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?’

‘ಹೇಳ್ದೆ. ಯು ಸೆಡ್, ಮೊದ್ಲು ಮ್ಯಾಥ್ಸ್ ಮುಗ್ಸು.’

ನಮ್ಮವರು ಭೂತಗನ್ನಡಿ ಇಳಿಸಿದರು. ನನ್ನ ಕಡೆ ತಿರುಗಿ, ಮೇಡಂ ಅಲ್ಲೇ ಇದ್ದರೂ, ‘ಇಲ್ಲಿ ಫೀಸು ಎಲ್ಲಿ ಕಟ್ಟೋದು ಕೇಳು’ ಎಂದರು.

ದುಡ್ಡಿನ ಮಾತು ಅಲ್ಲಿಗೆ ಮುಗಿಯಿತು, ಇನ್ನೊಂದು ಉಳಿದಿತ್ತು. ಯುಗಾದಿಗೆ ಪರ್ತ್‌ನ ನಮ್ಮವರೆಲ್ಲ ಪಾರ್ಕಿನಲ್ಲಿ ಸೇರಿದ್ದೆವು. ಅಲ್ಲಿ ಬೇವುಬೆಲ್ಲ ಕೈಗೆ ಬರುವ ಮುಂಚೆ, ಮಗು ಏನು ಓದುತ್ತಿದೆ ಎಂಬ ಪ್ರಶ್ನೆ ಬರುತ್ತದೆ. ನಮ್ಮವರು, ಡೆಂಟಲ್, ಗವರ್ನಮೆಂಟ್ ಕಾಲೇಜು ಎಂದು ಚುಟುಕಾಗಿ ಹೇಳಿ ಚಿತ್ರಾನ್ನಕ್ಕೆ ಕೈ ಹಾಕಿದರು. ಮುಗಿಯಿತು. ಡೆಂಟಲ್‌ನಲ್ಲಿ ಗವರ್ನಮೆಂಟ್ ಸೀಟು ಎಂದು ಸುದ್ದಿ ಪಾರ್ಕಿನ ಬಾರ್ಬೆಕ್ಯೂ ಒಲೆಯ ಹೊಗೆಗಿಂತ ಬೇಗ ಹಬ್ಬಿತು. ಅಂಕಲ್ಲುಗಳು ಕೈ ಕುಲುಕಿದರು, ಆಂಟಿಯೊಬ್ಬರು ಬಾಯಿ ತೆರೆದು ತಮ್ಮ ಹಲ್ಲು ತೋರಿಸಿದರು. ರಜೆಗೆ ಬಂದಿದ್ದ ಮಗಳು ಡಾಕ್ಟರಮ್ಮ ಎಂದು ಕರೆಸಿಕೊಂಡು ಸುಮ್ಮನೆ ನಿಂತಿದ್ದಳು. ಕಾರಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು, ಅಪ್ಪನಿಗೆ ನನ್ನ ಬಗ್ಗೆ ನಾಚಿಕೆ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ಮುಂದೆ ಓಡಿಸುತ್ತಿದ್ದವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಫೀಸು ಕಟ್ಟಿದ್ದರು ನಿಜ, ಬಾಯಿ ತುಂಬ ಹೇಳಿಕೊಳ್ಳಲು ಇನ್ನೂ ಆಗುತ್ತಿರಲಿಲ್ಲ.

ಮಾರನೇ ವರ್ಷ ಗಣಿಗಳ ಸುಗ್ಗಿ ಇಳಿಯಿತು. ನಮ್ಮವರ ಕೆಲಸ ಉಳಿಯಿತು, ಸಂಬಳ ಕತ್ತರಿಸಿದರು. ನಾಲ್ಕು ವರ್ಷಕ್ಕೆ ಕೈ ಹಾಕಿದ್ದರೆ ನಡುವೆಯೇ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಹಾಗೆಂದು ಬ್ರಿಸ್ಬೇನ್ ತಪ್ಪು ಎನ್ನಲಾರೆ. ಆ ಡಾಕ್ಟರ ಮಗ ಓದಿ ಮುಗಿಸಿ ಸುಖವಾಗಿದ್ದಾನೆ. ಅವನಿಗೆ ಸೇತುವೆ ಕಂಡರೆ ಆಗುವುದು ಇವಳಿಗೆ ಹಲ್ಲು ಕಂಡರೆ ಆಗುತ್ತದೆ, ಅಷ್ಟೆ.

ಎರಡನೇ ವರ್ಷದ ಕೊನೆಗೆ ವಿದ್ಯಾರ್ಥಿಗಳು ಒಬ್ಬ ನಿಜವಾದ ಮನುಷ್ಯನಿಗೆ ಪೂರ್ತಿ ಸೆಟ್ಟು ಮಾಡಬೇಕು. ಬಾಯಿಯ ಅಚ್ಚು ತೆಗೆಯುವುದು, ಹಾಕಿ ನೋಡುವುದು ಎಲ್ಲ ಕಾಲೇಜಿನ ದವಾಖಾನೆಯ ತಜ್ಞರೇ, ತಯಾರಿಸುವುದು ವಿದ್ಯಾರ್ಥಿ. ಮಗಳು ಅಜ್ಜಿಯ ಹೆಸರು ಕೊಟ್ಟಳು. ಅತ್ತೆ ವಿಮಾನ ಹತ್ತಿ ತಂಗಿಯ ಮನೆಗೆ ಬಂದರು, ಅಷ್ಟು ದಿನವೂ ಅಲ್ಲೇ ಇದ್ದರು. ತಂಗಿ ಫೋನಿನಲ್ಲಿ ಹೇಳುತ್ತಿದ್ದಳು: ಮೊಮ್ಮಗಳು ದಿನಾ ಸಂಜೆ ಅಜ್ಜಿಯನ್ನು ಎದುರು ಕೂರಿಸಿಕೊಂಡು ಹಳೆಯ ಕಥೆ ಹೇಳಿಸುತ್ತಾಳೆ, ಕಥೆ ಕೇಳುವುದು ನೆಪ, ಮಾತಾಡುವಾಗ ದವಡೆ ಹೇಗೆ ಓಡಾಡುತ್ತದೆ ಎಂದು ನೋಡುತ್ತಾಳೆ. ಮಾವ ಬದುಕಿದ್ದಾಗಿನ ಒಂದು ಫೋಟೋ ತರಿಸಿಕೊಂಡು, ಅಜ್ಜಿಗೆ ಸ್ವಂತ ಹಲ್ಲಿದ್ದಾಗ ಮುಂದಿನ ಎರಡರ ನಡುವೆ ಒಂದು ಚೂರು ಸಂದಿ ಇದ್ದದ್ದನ್ನೂ ಹುಡುಕಿದಳಂತೆ.

ಕೋರ್ಸು ಮುಗಿದು ಸರ್ಟಿಫಿಕೇಟು ಕೊಡುವ ದಿನ ನಾವಿಬ್ಬರೂ ಅಡಿಲೇಡ್‌ಗೆ ಹೋದೆವು. ಹೊಸ ಸೆಟ್ಟು ಹಾಕಿ ಕೆಲವು ವಾರ ಆಗಿತ್ತು. ಮೊದಮೊದಲು ಮೆತ್ತಗಿನದ್ದೇ ತಿನ್ನಬೇಕೆಂದು ಕಟ್ಟುನಿಟ್ಟು ಮಾಡಿದ್ದ ಮಗಳು, ಆ ದಿನ ಬೆಳಿಗ್ಗೆ ಗಟ್ಟಿಯದಕ್ಕೆ ಅಪ್ಪಣೆ ಕೊಟ್ಟಿದ್ದಳು. ಅತ್ತೆ ಬಾಗಿಲಲ್ಲಿ ನಕ್ಕರು. ಮುಂದೆ ಆ ಸಂದಿ. ನಮ್ಮವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಬಾಯಿಂದ ‘ಅಮ್ಮ’ ಎಂಬುದಷ್ಟೇ ಹೊರಟಿತು.

ಸಂಜೆ ತಂಗಿಯ ಮನೆಯ ಹಾಲ್‌ನಲ್ಲಿ ಎಲ್ಲರೂ ಸಾಲಾಗಿ ನಿಂತೆವು. ತಂಗಿಯ ಗಂಡ ಫೋಟೋ ತೆಗೆದರು. ಬ್ರಿಸ್ಬೇನ್‌ನ ಡಾಕ್ಟರು ಅಭಿನಂದನೆ ಹೇಳಲು ವಿಡಿಯೋ ಕಾಲ್ ಮಾಡಿದ್ದರು, ಫೋನು ನಮ್ಮವರ ಕೈಯಲ್ಲಿತ್ತು. ಫೋಟೋ ಆಯಿತು. ನಾನು ಎಂದಿನಂತೆ ನೀರಿನ ಲೋಟ ಹಿಡಿದು ಪಕ್ಕಕ್ಕೆ ಸರಿದೆ, ಎಷ್ಟು ವರ್ಷದ ಅಭ್ಯಾಸ. ಅತ್ತೆ ಸೆರಗು ಎತ್ತಲಿಲ್ಲ, ನನ್ನ ಕಡೆ ಕೈ ಚಾಚಲೂ ಇಲ್ಲ. ಮೇಜಿನ ಮೇಲಿದ್ದ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು, ದವಡೆಗೆ ಸರಿಸಿ ಕಚ್ಚಿದರು.

ಕರುಂ ಎಂದಿತು. ಅತ್ತೆ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿಯುತ್ತಿದ್ದರು, ಮಗಳು ಅವರ ದವಡೆಯನ್ನೇ ನೋಡುತ್ತಿದ್ದಳು. ಹೊರಗೆ ಗಿಣಿಗಳ ಗಲಾಟೆ ಇದ್ದರೂ ನನಗೆ ಕೇಳಿಸಿದ್ದು ಆ ಒಂದೇ ಸದ್ದು.

ನಮ್ಮವರು ಫೋನನ್ನು ಅಮ್ಮನ ಕೆನ್ನೆಯ ಹತ್ತಿರ ಹಿಡಿದರು. ‘ಕೇಳಿಸ್ತೇನೋ?’ ಎಂದು ಸ್ನೇಹಿತರನ್ನು ಕೇಳಿದರು. ‘ನಮ್ಮಮ್ಮ ಕೋಡುಬಳೆ ತಿಂತಿದಾಳೆ. ಹಲ್ಲು ಮಾಡಿದ್ದು ನನ್ನ ಮಗಳು. ಡಾಕ್ಟರಲ್ಲ ಕಣೋ ಅವಳು, ಡಿಪ್ಲೊಮಾ. ಹಲ್ಲು ಮಾಡ್ತಾಳೆ.’

ಮಗಳು ಅಜ್ಜಿಯಿಂದ ಕಣ್ಣು ಕಿತ್ತು ಅಪ್ಪನ ಕಡೆ ನೋಡಿದಳು. ಬಂದು ಅವರ ಪಕ್ಕದಲ್ಲಿ ನಿಂತಳು.

ನಾನಿನ್ನೂ ಲೋಟ ಹಿಡಿದೇ ನಿಂತಿದ್ದೆ. ಅತ್ತೆ ನುಂಗಿ ಮುಗಿಸಿ, ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಗಟಗಟ ಎಂದು ನೀರು ಕುಡಿದು ಖಾಲಿ ಲೋಟ ವಾಪಸ್ ಕೊಟ್ಟರು. ‘ಇನ್ನೊಂದು ಕೋಡುಬಳೆ ಕೊಡೇ’ ಎಂದರು.